ಹಲಗೆಯ ಎಡಬದಿ ದಪ್ಪವಾದ ವರ್ಷ

ಕಂತ್ರಾಟುದಾರರು ನಾವು ಮಾಡಿಕೊಟ್ಟಿದ್ದ ಕಿಟಕಿಯ ಬಾಗಿಲೊಂದನ್ನು ಜೀಪಿನಿಂದ ಇಳಿಸಿ ನಮ್ಮ ಶೆಡ್ಡಿನ ಗೋಡೆಗೆ ಒರಗಿಸಿದರು.

"ಆಚಾರ್ರೇ, ಕಣ್ಣು ಮುಚ್ಚಿ ಇದರ ಮೇಲೆ ಒಮ್ಮೆ ಕೈ ಆಡಿಸಿ."

ಹಿರಿಯ ಆಚಾರಿಯವರು ಕಣ್ಣು ಮುಚ್ಚಲಿಲ್ಲ, ಕೈಯನ್ನೂ ಆಡಿಸಲಿಲ್ಲ. ಅವರಿಗೆ ಗೊತ್ತಿತ್ತು. ಹಲಗೆಗೆ ಹಲಗೆ ಕೂಡುವ ಕಡೆ ಒಂದು ಸಣ್ಣ ಮೆಟ್ಟಿಲು ಇತ್ತು, ಉಗುರಿಗೆ ಸಿಕ್ಕುವಷ್ಟು.

"ಮಣಿಪಾಲದಲ್ಲಿ ಇಂಜಿನಿಯರು ಇದನ್ನು ನೋಡಿದ್ರೆ ಬಾಗಿಲಿನ ಒಟ್ಟಿಗೆ ನನ್ನನ್ನೂ ಹೊರಗೆ ಹಾಕ್ತಾರೆ ಮಾರಾಯ್ರೇ. ಇಡೀ ಹಾಸ್ಟೆಲಿನ ಕಿಟಕಿ ಬಾಗಿಲು ಉಂಟು. ಬಿಸು ಕಳೆದ ಮೇಲೆ ಇನ್ನೊಂದು ಮಾದರಿ ಕೊಡಿ. ಅದೂ ಹೀಗೇ ಬಂದ್ರೆ ನಾನು ಕಾರ್ಕಳದವರಿಗೆ ಕೊಡುದೇ, ಮತ್ತೆ ಬೇಜಾರು ಮಾಡ್ಲಿಕ್ಕಿಲ್ಲ."

ನಾನು ಅಡುಗೆಮನೆಯ ಬಾಗಿಲಿನ ಹಿಂದೆ ನಿಂತು ಇದನ್ನೆಲ್ಲ ಕೇಳಿದೆ. ನಾವೆಲ್ಲ ಮಾತಾಡುತ್ತಿದ್ದುದು ಹೆಚ್ಚಾಗಿ ತುಳುವಿನಲ್ಲಿ. ನಿಮಗೆ ಓದಲಿಕ್ಕೆ ಆಗಲಿ ಎಂದು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಬಿಸು ಎಂದರೆ ಏಪ್ರಿಲ್ ನಡುವಿಗೆ ಬರುವ ನಮ್ಮ ಹೊಸ ವರ್ಷ.

ಮಕ್ಕಳೇ, ನಿಮ್ಮ ಅಜ್ಜ ಅದರ ಹಿಂದಿನ ಆಟಿ ತಿಂಗಳಲ್ಲಿ, ಜೋರು ಮಳೆಗಾಲದಲ್ಲಿ, ತೀರಿಕೊಂಡಿದ್ದರು. ಎಪ್ಪತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ ಅದು. ವರ್ಷಾಂತಿಕ ಆಗುವವರೆಗೆ ನಾನು ಹೊರಗಿನವರ ಎದುರು ಬರುವ ಕ್ರಮ ಇರಲಿಲ್ಲ. ಕ್ರಮ ಇದ್ದಿದ್ದರೂ ಬರುತ್ತಿರಲಿಲ್ಲವೇನೋ. ಹಳ್ಳಿಯ ಶಾಲೆಯಲ್ಲಿ ಏಳನೆಯ ಕ್ಲಾಸಿನವರೆಗೆ ಓದಿದವಳು ನಾನು. ಪಾಠ ಓದು ಎಂದು ಮಾಸ್ತರರು ಎಬ್ಬಿಸಿದರೆ ಬೆವರುತ್ತಿದ್ದೆ. ಹಿರಿಯಡ್ಕದಲ್ಲಿ ರಸ್ತೆ ಬದಿಗೆ ನಮ್ಮ ಶೆಡ್ಡು, ಅದಕ್ಕೆ ತಾಗಿ ನಮ್ಮ ಅಡುಗೆಮನೆ, ನಡುವೆ ಒಂದೇ ಗೋಡೆ. ಮದುವೆಯಾಗಿ ಬಂದ ಮೇಲೆ ಗಂಡಸರು ಕೆಲಸ ಮಾಡುವ ಹೊತ್ತಿನಲ್ಲಿ ನಾನು ಆ ಶೆಡ್ಡಿನೊಳಗೆ ಕಾಲಿಟ್ಟವಳಲ್ಲ.

ಶೆಡ್ಡಿನಲ್ಲಿ ಉಳಿದವರು ಇಬ್ಬರು. ಒಬ್ಬರು ಹಿರಿಯ ಆಚಾರಿ. ಇನ್ನೊಬ್ಬರು ಮಿಷನ್ ನಡೆಸುವವರು. ಅವರಿಗೂ ಮದುವೆಯಾಗಿ ಮಕ್ಕಳಿದ್ದರು, ಮಾತು ಮಾತ್ರ ಹುಡುಗರ ಹಾಗೆ ಚುರುಕು. ಹಾಸ್ಟೆಲಿನ ಕೆಲಸ ಬಂದರೆ ಅವರ ಎರಡು ಮನೆಯ ಜೊತೆ ನಮ್ಮದೂ ನಡೆಯುತ್ತದೆ. ಬಾರದಿದ್ದರೆ ಏನಾಗುತ್ತದೆ ಎಂದು ಬಾವ, ನಿಮ್ಮ ಅಜ್ಜನ ಅಣ್ಣ, ಆಗಲೇ ಹೇಳಿಯಾಗಿತ್ತು. ಶೆಡ್ಡು ಖಾಲಿ ಮಾಡಿ ಅಕ್ಕಿ ದಾಸ್ತಾನಿಗೆ ಬಾಡಿಗೆಗೆ ಕೊಡುವುದು. ಬಾವ ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಹೆಂಗಸು ನಡೆಸುವ ಕಸುಬು ಇದಲ್ಲ ಎಂದು ಅವರು ತಿಳಿದಿದ್ದರು. ನಾನೂ ಹಾಗೇ ತಿಳಿದಿದ್ದೆ.

ತೊಂದರೆ ಇದ್ದದ್ದು ತಿಕ್ನೆಸ್ ಮಿಷನಿನಲ್ಲಿ. ಕೊಯ್ದ ಹಲಗೆ ಎಲ್ಲ ಕಡೆ ಒಂದೇ ದಪ್ಪ ಇರುವುದಿಲ್ಲ. ಅದನ್ನು ಈ ಮಿಷನಿನ ಮೇಜಿನ ಮೇಲಿಟ್ಟು ತಳ್ಳಿದರೆ ಹಲ್ಲಿರುವ ರೋಲರು ಒಳಗೆ ಎಳೆದುಕೊಳ್ಳುತ್ತದೆ. ಮೇಲೆ ತಿರುಗುವ ಉರುಳೆಯಲ್ಲಿ ಬ್ಲೇಡುಗಳಿವೆ, ಅವು ಹಲಗೆಯನ್ನು ಕೀಸುತ್ತವೆ. ಹಲಗೆ ಆಚೆ ಕಡೆ ಒಂದೇ ದಪ್ಪವಾಗಿ ಹೊರಬರಬೇಕು. ಮೇಜನ್ನು ಏರಿಸಲಿಕ್ಕೆ, ಇಳಿಸಲಿಕ್ಕೆ ಒಂದು ಚಕ್ರ. ಚಕ್ರ ತಿರುಗಿಸಿದರೆ ಕೆಳಗೆ ಸೈಕಲ್ಲಿನದರಂಥ ಚೈನು ನಾಲ್ಕು ಮೂಲೆಯ ಸ್ಕ್ರೂಗಳನ್ನು ಒಟ್ಟಿಗೆ ತಿರುಗಿಸುತ್ತದೆ. ನಮ್ಮದನ್ನು ನಿಮ್ಮ ಅಜ್ಜ ಮುಚ್ಚಿಹೋದ ಒಂದು ಹಂಚಿನ ಕಾರ್ಖಾನೆಯಿಂದ ತಂದದ್ದು. ಅವರು ತರುವಾಗಲೇ ಅದು ಹಳೆಯದು.

ಮಕರ ಸಂಕ್ರಮಣದ ಹೊತ್ತಿಗೆ ಅದರ ಸದ್ದು ಬದಲಾಗಿತ್ತು. ಗೋಡೆಯಾಚೆಯಿಂದ ಅಷ್ಟು ವರ್ಷ ಕೇಳಿದವಳಿಗೆ ಅದು ತಿಳಿಯುತ್ತಿತ್ತು. ಮೊದಲು ಸಾಗುವಾನಿ ಹೋದರೆ ಒಂದೇ ಸಮನೆ ಸುಂಯ್ ಎನ್ನುತ್ತಿತ್ತು, ಹಲಸು ಹೋದರೆ ಸ್ವಲ್ಪ ಕೆಮ್ಮುತ್ತಿತ್ತು. ಈಗ ಯಾವ ಮರ ಹೋದರೂ ನಡುವೆ ನಿಲ್ಲುತ್ತಿತ್ತು, ಮತ್ತೆ ಧಡಕ್ಕೆಂದು ಎಳೆಯುತ್ತಿತ್ತು. ಹಲಗೆ ಹೊರಬಂದಾಗ ಎಡಬದಿ ದಪ್ಪ, ಬಲಬದಿ ತೆಳು. ತುದಿಯಲ್ಲಿ ಒಂದು ಹೊಂಡ. ಆಚಾರಿಯವರು ಎಡಬದಿಯನ್ನು ಕೈಯಿಂದ ಕೀಸುಳಿ ಹಾಕಿ ಸರಿ ಮಾಡುತ್ತಿದ್ದರು. ಒಂದು ಬಾಗಿಲಿಗಾದರೆ ಅದು ಆಗುತ್ತದೆ, ಒಂದು ಹಾಸ್ಟೆಲಿಗೆ ಆಗುವುದಿಲ್ಲ.

ಅವರು ಸುಮ್ಮನೆ ಕುಳಿತಿರಲಿಲ್ಲ. ಬ್ಲೇಡು ತೆಗೆದು ಉಡುಪಿಗೆ ಕಳಿಸಿ ಸಾಣೆ ಹಿಡಿಸಿದರು. ಕಟ್ ನಯವಾಯಿತು, ಎಡಬದಿ ದಪ್ಪವೇ ಉಳಿಯಿತು. ಹಲಗೆ ಜಾರಲಿ ಎಂದು ಮೇಜಿಗೆ ಮೇಣದಬತ್ತಿ ತಿಕ್ಕಿದರು. ಬೆಲ್ಟು ಬಿಗಿ ಮಾಡಿದರು, ಮೋಟಾರು ಕಾದು ವಾಸನೆ ಬಂತು, ಪುನಃ ಸಡಿಲ ಮಾಡಿದರು. ಆದಿ ಉಡುಪಿಯಿಂದ ಒಬ್ಬ ಫಿಟ್ಟರನ್ನು ಕರೆಸಿದರು. ಅವರು ಉರುಳೆಯನ್ನು ಹಿಡಿದು ಅಲುಗಾಡಿಸಿ, "ಬೇರಿಂಗ್ ಸ್ವಲ್ಪ ಸವೆದಿದೆ. ಆದ್ರೆ ಇಷ್ಟು ವ್ಯತ್ಯಾಸ ಬರುವಷ್ಟು ಅಲ್ಲ. ವಯಸ್ಸಾಯ್ತಲ್ಲ ಇದಕ್ಕೆ" ಎಂದು ಚಹಾ ಕುಡಿದು ಹೋದರು.

ವಯಸ್ಸಾಯಿತು ಎಂಬ ಮಾತು ಆಮೇಲೆ ಎಲ್ಲರ ಬಾಯಲ್ಲೂ ಬಂತು. ಅದನ್ನು ಹೇಳಿದರೆ ಮತ್ತೆ ಹುಡುಕುವ ಕೆಲಸ ಇರಲಿಲ್ಲ.

ಕಂತ್ರಾಟುದಾರರು ಹೋದ ಮೇಲೆ ಮಂಗಳೂರಿನಿಂದ ಮಿಷನ್ ಮಾರುವ ಏಜೆಂಟರು ಬಂದರು. ಬಾವ ಹೇಳಿ ಕಳಿಸಿದ್ದು. ಅವರ ಹತ್ತಿರ ಹೊಸ ಮಿಷನಿನ ಬಣ್ಣದ ಚಿತ್ರ ಇತ್ತು. ಹಳೆಯದನ್ನು ಅವರೇ ಲಾರಿಯಲ್ಲಿ ಕೊಂಡೊಯ್ಯುತ್ತಾರೆ, ಹೊಸದನ್ನು ಇಳಿಸುತ್ತಾರೆ. ನಾನು ಬಾಗಿಲಿನ ಹಿಂದೆ, ಅವರು ಬಾಗಿಲಿನ ಮುಂದೆ, ನಡುವೆ ಆಚಾರಿಯವರು.

"ಹೊಸದರ ಉರುಳೆಯಲ್ಲಿ ಬ್ಲೇಡು ಮೂರು. ಹಲಗೆ ಹಿಂದೆ ಎಗರದ ಹಾಗೆ ಹಲ್ಲುಗಳುಂಟು. ಅಮ್ಮನಿಗೆ ಹೇಳಿ."

ಆಚಾರಿಯವರು ನನ್ನ ಕಡೆ ತಿರುಗಿ, "ಹಲ್ಲುಗಳುಂಟಂತೆ" ಎಂದರು.

"ಕೇಳಿಸಿತು" ಎಂದೆ.

"ಅಮ್ಮ ಎಂತ ಹೇಳ್ತಾರೆ?"

"ಕೇಳಿಸಿತಂತೆ."

ಮಿಷನ್ ನಡೆಸುವವರು ಒಳಗಿನಿಂದ, "ಇದಕ್ಕಿಂತ ಟ್ರಂಕ್ ಕಾಲ್ ಬೇಗ ಆಗ್ತದೆ" ಎಂದು ನಕ್ಕರು. ನನಗೂ ನಗು ಬಂತು, ಸೆರಗು ಬಾಯಿಗೆ ಇಟ್ಟುಕೊಂಡೆ.

ಏಜೆಂಟರು ಸುಳ್ಳು ಹೇಳುವವರಲ್ಲ. ಹೊಸದಕ್ಕೆ ದೊಡ್ಡ ಮೋಟಾರು ಬೇಕು, ಕರೆಂಟು ಆಫೀಸಿನಲ್ಲಿ ಹೆಚ್ಚಿನ ಪವರಿಗೆ ಬರೆದುಕೊಡಬೇಕು ಎಂದು ಅವರೇ ಹೇಳಿದರು. ಕಾಪುವಿನಲ್ಲಿ ಒಬ್ಬರು ತೆಗೆದುಕೊಂಡಿದ್ದಾರೆ, ಹೋಗಿ ನೋಡಿ ಬನ್ನಿ, ಸೋಮವಾರ ಪುನಃ ಬರುತ್ತೇನೆ, ಬೇಕೆಂದರೆ ಬಿಸು ಕಳೆಯುವುದರೊಳಗೆ ಲಾರಿ ಬರುತ್ತದೆ ಎಂದರು. ಬಾವ ಅಲ್ಲೇ ಒಪ್ಪಿಗೆ ಕೊಡುವವರಿದ್ದರು. ನಾನು ಆಚಾರಿಯವರ ಮೂಲಕ, ನೋಡಿ ಬಂದ ಮೇಲೆ ಹೇಳುತ್ತೇನೆ ಎಂದೆ.

ಮರುದಿನ ಆಚಾರಿಯವರನ್ನು ಕಾಪುವಿಗೆ ಕಳಿಸಿದೆ. ಸಂಜೆಯ ಬಸ್ಸಿನಲ್ಲಿ ಅವರು ವಾಪಸ್ಸು ಬಂದು ಜಗಲಿಯಲ್ಲಿ ಕುಳಿತರು. ನನ್ನ ಅತ್ತೆ ಅಲ್ಲೇ ಕಾಲು ನೀಡಿ ವೀಳ್ಯ ಜಜ್ಜುತ್ತಿದ್ದರು. ಆಚಾರಿಯವರು ಪೇಪರಿನಲ್ಲಿ ಸುತ್ತಿದ ಹಲಗೆಯ ತುಂಡೊಂದನ್ನು ಬಿಚ್ಚಿ ನೆಲದ ಮೇಲಿಟ್ಟರು. ನಾನು ಅದನ್ನು ತೆಗೆದುಕೊಂಡು ಅಂಗೈಯಿಂದ ಸವರಿದೆ. ಎಲ್ಲಿಯೂ ಏರುತಗ್ಗು ಇರಲಿಲ್ಲ.

"ಒಳ್ಳೆಯದುಂಟು ಅಮ್ಮಾ. ಅದನ್ನು ಇಲ್ಲ ಅನ್ಲಿಕ್ಕೆ ಆಗುದಿಲ್ಲ. ಬ್ಲೇಡು ತೆಳು, ನಮ್ಮ ಉಡುಪಿಯವನು ಸಾಣೆ ಹಿಡಿಯುದು ಕಷ್ಟ, ಮಂಗಳೂರಿಗೇ ಹೋಗ್ಬೇಕು. ಆದ್ರೆ ಕೆಲಸ ಒಳ್ಳೆಯದು."

"ಮತ್ತೆ?"

"ಮತ್ತೆಂತ! ಅವರಲ್ಲಿ ಒಬ್ಬ ಇದ್ದಾನೆ, ಸಂಜೆ ಆದ್ರೆ ಸಾಕು, ಬ್ರಶ್ಶು ಹಿಡ್ಕೊಂಡು ಅದರ ಅಡಿಗೆ ಹೋಗಿ ಒರೆಸುದೇ ಒರೆಸುದು. ಮದುಮಗನನ್ನು ಸಿಂಗಾರ ಮಾಡಿದ ಹಾಗೆ. ದಿನಾ ಅಂತೆ!" ಆಚಾರಿಯವರು ನಕ್ಕರು.

ಅತ್ತೆ ಜಜ್ಜುವುದನ್ನು ನಿಲ್ಲಿಸದೆ, "ಅವರದ್ದು ದಿನಾ ಮೀಯುತ್ತದೆ. ನಮ್ಮದಕ್ಕೆ ವರ್ಷಕ್ಕೊಂದು ಸ್ನಾನ. ಈ ವರ್ಷ ಪಾಪ ಅದೂ ಇಲ್ಲ" ಎಂದರು.

ಆಚಾರಿಯವರ ನಗು ನಿಂತಿತು.

ನಿಮಗೆ ಇದನ್ನು ಬಿಡಿಸಿ ಹೇಳಬೇಕು. ನವರಾತ್ರಿಯಲ್ಲಿ ಆಯುಧ ಪೂಜೆಯ ಹಿಂದಿನ ದಿನ ನಿಮ್ಮ ಅಜ್ಜ ಮಿಷನಿನ ಮುಂದೆ ದೀಪ ಇಟ್ಟು, ಆಮೇಲೆ ಅದನ್ನು ಪೂರ್ತಿ ಬಿಚ್ಚುತ್ತಿದ್ದರು. ರೋಲರು, ಚೈನು, ಸ್ಪ್ರಿಂಗು, ಬೋಲ್ಟು ಎಲ್ಲವೂ ಹಿತ್ತಲಿಗೆ ಬರುತ್ತಿದ್ದವು. ಅವನ್ನು ಸೀಮೆಎಣ್ಣೆಯಲ್ಲಿ ತೊಳೆಯುವುದು ಮನೆಯ ಹೆಂಗಸರ ಪಾಲು. ತೊಳೆದದ್ದನ್ನು ಬಾಳೆಲೆಯ ಮೇಲೆ ಸಾಲಾಗಿ ಇಡುತ್ತಿದ್ದೆವು. ಅವರು ಅದೇ ಸಾಲಿನಲ್ಲಿ ತೆಗೆದು ಜೋಡಿಸಿ, ಎಣ್ಣೆ ಹಾಕಿ, ಮರುದಿನ ಹೂ ಮುಡಿಸಿ ಕುಂಕುಮ ಇಡುತ್ತಿದ್ದರು. ಇದನ್ನು ನಾವು ಯಾರೂ ರಿಪೇರಿ ಎಂದು ಕರೆದದ್ದಿಲ್ಲ. ಇದು ಪೂಜೆ. ಸಾವಿನ ವರ್ಷದಲ್ಲಿ ಮನೆಯಲ್ಲಿ ಹಬ್ಬ ಇಲ್ಲ, ಪೂಜೆ ಇಲ್ಲ. ಆದ್ದರಿಂದ ಆ ನವರಾತ್ರಿಯಲ್ಲಿ ಶೆಡ್ಡಿನ ಬಾಗಿಲು ಮುಚ್ಚಿತ್ತು. ಪೂಜೆ ಬಿಟ್ಟೆವು ಎಂದಷ್ಟೇ ನಮಗೆ ಗೊತ್ತಿತ್ತು. ಅದರ ಜೊತೆಗೆ ಇನ್ನೇನನ್ನು ಬಿಟ್ಟೆವು ಎಂದು ನಾವು ಯಾರೂ ಯೋಚಿಸಿರಲಿಲ್ಲ.

"ಹಾಗಾದರೆ ಬಿಚ್ಚಿ ನೋಡುವ" ಎಂದೆ.

ಆಚಾರಿಯವರು ಟವೆಲನ್ನು ಹೆಗಲಿನಿಂದ ತೆಗೆದು ಮಡಿಲಲ್ಲಿಟ್ಟುಕೊಂಡರು. "ದೀಪ ಇಡದೆ ಬಿಚ್ಚುದಾ ಅಮ್ಮಾ? ನಮ್ಮ ಧಣಿಗಳು ಹಾಗೆ ಮುಟ್ಟಿದವರೇ ಅಲ್ಲ. ನಾನಂತೂ ಅದರ ಅಡಿಯ ಚೈನಿಗೆ ಕೈ ಹಾಕಿದವನಲ್ಲ."

"ದೀಪ ಇಡುವ ಹಾಗಿಲ್ಲವಲ್ಲ."

"ಅದನ್ನೇ ಹೇಳುದು. ವರ್ಷಾಂತಿಕ ಆಗ್ಲಿ, ನವರಾತ್ರಿ ಬರ್ಲಿ."

ನವರಾತ್ರಿ ಬರುವುದರೊಳಗೆ ಹಾಸ್ಟೆಲಿನ ಕೆಲಸ ಕಾರ್ಕಳಕ್ಕೆ ಹೋಗುತ್ತದೆ, ನಮ್ಮ ಶೆಡ್ಡಿನಲ್ಲಿ ಅಕ್ಕಿ ಮೂಟೆ ಬರುತ್ತದೆ. ಇನ್ನೊಂದು ದಾರಿ, ಸೋಮವಾರ ಏಜೆಂಟರಿಗೆ ಒಪ್ಪಿಗೆ ಹೇಳುವುದು. ಅಂದು ಅಕ್ಕಿ ಆರಿಸುತ್ತಾ ಕುಳಿತು ನಾನು ಇದನ್ನೇ ಯೋಚಿಸಿದೆ. ಕಾಪುವಿನ ಹಲಗೆ ನಿಜವಾಗಿಯೂ ಚೆನ್ನಾಗಿತ್ತು. ಆದರೆ ಹೊಸ ಮಿಷನ್ ಬಂದರೂ ಬರುವುದು ಈ ಮನೆಗೇ. ಇಲ್ಲಿ ಮಿಷನ್ ಬಿಚ್ಚುವ ದಿನ ವರ್ಷಕ್ಕೆ ಒಂದೇ. ಬಿಚ್ಚುತ್ತಿದ್ದ ಮನುಷ್ಯ ಇಲ್ಲ. ಹಳೆಯದಕ್ಕೆ ಆದದ್ದು ಹೊಸದಕ್ಕೂ ಆಗುತ್ತದೆ. ಆಗ ಹಳೆಯದೂ ಕೈಯಲ್ಲಿ ಇರುವುದಿಲ್ಲ. ಮೊದಲು ಬಿಚ್ಚುವುದನ್ನು ಕಲಿಯಬೇಕು, ಯಾವ ಮಿಷನ್ ಎಂಬುದು ಆಮೇಲಿನ ಮಾತು.

ಬೆಳಿಗ್ಗೆ ಆಚಾರಿಯವರು ಬಂದಾಗ ಹೇಳಿದೆ. "ಪೂಜೆ ಮಾಡುವುದು ಬೇಡ. ತೊಳೆಯುವ ಕೆಲಸ ಮಾತ್ರ ಮಾಡುವ."

ಅವರು ಅತ್ತೆಯ ಮುಖ ನೋಡಿದರು. ಅತ್ತೆ ಬೇಡ ಎಂದರೆ ಬೇಡವೇ. ಅತ್ತೆ ಬಾಯಲ್ಲಿದ್ದ ವೀಳ್ಯವನ್ನು ಅಂಗಳಕ್ಕೆ ಉಗಿದರು. ಆಮೇಲೆ, "ಸಾವಾದ ಮನೆಯಲ್ಲಿ ಪಾತ್ರೆ ತೊಳೆಯುದಿಲ್ವಾ? ತೊಳೀರಿ" ಎಂದರು.

ನಾನು ಬಾಳೆಲೆ ಕೊಯ್ದುಕೊಂಡು ಶೆಡ್ಡಿನೊಳಗೆ ಹೋದೆ. ಗಂಡಸರಿಬ್ಬರೂ ಎದ್ದು ನಿಂತರು. ಎಲ್ಲಿ ನಿಲ್ಲಬೇಕೆಂದು ನನಗೂ ಗೊತ್ತಾಗಲಿಲ್ಲ, ಅವರಿಗೂ ಗೊತ್ತಾಗಲಿಲ್ಲ. ಆಮೇಲೆ ಮಿಷನ್ ನಡೆಸುವವರು ಸ್ಪ್ಯಾನರು ತೆಗೆದುಕೊಂಡರು, ಕೆಲಸ ಸುರುವಾಯಿತು.

ಮೇಲಿನ ಮುಚ್ಚಳ ತೆಗೆದಾಗಲೇ ಕಂಡಿತು. ಹಲ್ಲಿನ ರೋಲರಿಗೆ ಹಲ್ಲು ಇರಲಿಲ್ಲ. ಹಲಸಿನ ಹುಡಿಯೂ ಅಂಟೂ ಸೇರಿ, ಬಿಸಿಗೆ ಬೆಂದು, ಹಲ್ಲುಗಳ ಸಂದು ತುಂಬಿ ನುಣುಪಾಗಿತ್ತು. ಹಲಗೆಯನ್ನು ಹಿಡಿದು ಎಳೆಯಲಿಕ್ಕೆ ಅದಕ್ಕೆ ಏನೂ ಉಳಿದಿರಲಿಲ್ಲ. ಹಲಗೆಯನ್ನು ಒತ್ತಿ ಹಿಡಿಯುವ ಪಟ್ಟಿಯ ಹಿಂದೆಯೂ ಮರದ ಹೊಟ್ಟು ಬಿಗಿದು ಕುಳಿತಿತ್ತು. ಮಿಷನ್ ನಡೆಸುವವರು ನೆಲದಲ್ಲಿ ಮಲಗಿ ಮೇಜಿನ ಅಡಿಗೆ ತಲೆ ಹಾಕಿದರು.

"ಆಚಾರ್ರೇ, ಇಲ್ಲಿ ಎಡಮೂಲೆಯಲ್ಲಿ ಯಾರೋ ಇಟ್ಟಿಗೆ ಕಟ್ಟಿದ್ದಾರೆ."

ಹೊಟ್ಟೇ ಗಟ್ಟಿಯಾಗಿ ಇಟ್ಟಿಗೆಯಂತಾಗಿತ್ತು. ಆ ಮೂಲೆಯ ಹಲ್ಲುಚಕ್ರದ ಮೇಲೆ ಚೈನು ಸರಿಯಾಗಿ ಕೂರದೆ ಏರಿ, ಹಲ್ಲು ಜಾರಿಹೋಗಿತ್ತು. ಚಕ್ರ ತಿರುಗಿಸಿದಾಗ ಉಳಿದ ಮೂಲೆಗಳು ಏರಿದಷ್ಟು ಆ ಮೂಲೆ ಏರುತ್ತಿರಲಿಲ್ಲ. ಮೇಜು ಎಡಬದಿಗೆ ತಗ್ಗಿದ್ದರೆ ಹಲಗೆ ಎಡಬದಿಯಲ್ಲಿ ದಪ್ಪ ಉಳಿಯುತ್ತದೆ, ಅಷ್ಟೇ.

ಭಾಗಗಳು ಹಿತ್ತಲಿಗೆ ಬಂದವು. ಊಟದ ಎಲೆಯಲ್ಲಿ ಉಪ್ಪಿಗೊಂದು ಜಾಗ, ಪಲ್ಯಕ್ಕೊಂದು ಜಾಗ ಇರುವ ಹಾಗೆ ನಮ್ಮ ಮಿಷನಿನ ಎಲೆಗೂ ಒಂದು ಕ್ರಮ ಇತ್ತು. ತುದಿಯಲ್ಲಿ ಮುಂದಿನ ರೋಲರಿನ ಸ್ಪ್ರಿಂಗುಗಳು, ಬುಡದಲ್ಲಿ ಹಿಂದಿನವು, ನಡುವೆ ಚೈನು. ಮುಂದಿನ ಸ್ಪ್ರಿಂಗು ದಪ್ಪ ತಂತಿಯದು, ಹಿಂದಿನದು ತೆಳು. ಬದಲಾದರೆ ಜೋಡಿಸುವಾಗ ಕಷ್ಟ. ರೋಲರಿನ ಅಂಟು ಮಾತ್ರ ಸೀಮೆಎಣ್ಣೆಗೆ ಜಗ್ಗಲಿಲ್ಲ. ಆಚಾರಿಯವರು ಉಳಿ ತಂದರು. ಉಳಿ ತಾಗಿದರೆ ಹಲ್ಲು ಹಾಳಾಗುತ್ತದೆ. ಹಲಸಿನ ಹಣ್ಣು ಕೊಯ್ಯುವಾಗ ಕೈಗೆ ಏನು ಹಚ್ಚಿಕೊಳ್ಳುತ್ತೇವೆ ಎಂದು ಅತ್ತೆ ಒಳಗಿನಿಂದ ಕೇಳಿದರು. ತೆಂಗಿನೆಣ್ಣೆ ಬಿಸಿ ಮಾಡಿ ಹಚ್ಚಿ, ಬಟ್ಟೆ ಸುತ್ತಿ ಬಿಟ್ಟು, ಮಧ್ಯಾಹ್ನ ಊಟದ ಮೇಲೆ ತೆಂಗಿನ ಗರಿಯ ಕಡ್ಡಿಯಿಂದ ಕೆರೆದೆವು. ಸಂದು ಸಂದಿನಿಂದ ಹಳದಿ ಚಕ್ಕೆಯಾಗಿ ಬಂತು.

ಜೋಡಿಸಿ ಮೊದಲ ಹಲಗೆ ಬಿಟ್ಟಾಗ ಸದ್ದು ಚೆನ್ನಾಗಿತ್ತು. ಹಲಗೆ ಎಲ್ಲಿಯೂ ನಿಲ್ಲದೆ ಹೋಯಿತು. ಆಚಾರಿಯವರು ಅದರ ಎರಡೂ ಅಂಚು ನೋಡಿ ಹಲಗೆಯನ್ನು ನೆಲಕ್ಕೆ ಇಟ್ಟರು.

"ಇಷ್ಟು ದಿನ ಎಡ. ಈಗ ಬಲ" ಎಂದರು ಮಿಷನ್ ನಡೆಸುವವರು.

"ದೀಪ ಇಡದ್ದಕ್ಕೆ" ಎಂದರು ಆಚಾರಿಯವರು. ತಮಾಷೆಗೆ ಹೇಳಿದ್ದಲ್ಲ.

ಅಷ್ಟರಲ್ಲಿ ಕರೆಂಟು ಹೋಯಿತು. ಮೂವರೂ ಕತ್ತಲಾಗುತ್ತಿದ್ದ ಶೆಡ್ಡಿನಲ್ಲಿ ಕುಳಿತೆವು. ನನಗೆ ಭಯವಾಗಿತ್ತು. ಅಪಶಕುನದ ಭಯವಲ್ಲ. ನಡೆಯುತ್ತಿದ್ದ ಮಿಷನನ್ನು ನನ್ನ ಮಾತಿನ ಮೇಲೆ ಬಿಚ್ಚಿಸಿ ಕೆಡಿಸಿದೆ, ಸೋಮವಾರ ಏಜೆಂಟರು ಇದನ್ನು ಗುಜರಿಗೆ ಸಮ ಎಂದು ಹೇಳಿದರೆ ಏನು ಗತಿ ಎಂಬ ಭಯ. ತೊಳೆಯುವಾಗ ನಾವು ಎಡಮೂಲೆಯ ಸ್ಕ್ರೂವನ್ನು ಸುತ್ತಿಸಿ ಸುತ್ತಿಸಿ ಒರೆಸಿದ್ದೆವು. ಅದು ಈಗ ಬೇಕಾದದ್ದಕ್ಕಿಂತ ಮೇಲೆ ನಿಂತಿತ್ತು. ಇದು ಗೊತ್ತಿತ್ತು. ಎಷ್ಟು ಮೇಲೆ ಎಂಬುದು ಗೊತ್ತಿರಲಿಲ್ಲ.

ಅಳೆಯುವ ದಾರಿ ಮರುದಿನ ಆಚಾರಿಯವರಿಗೇ ಹೊಳೆಯಿತು. ಒಂದೇ ಹಲಸಿನ ತುಂಡಿನಿಂದ ಸಮ ಎತ್ತರದ ಎರಡು ಚಿಕ್ಕ ಕೊರಡು ಕೊಯ್ದು, ಮೇಜಿನ ಮೇಲೆ ಉರುಳೆಯ ಎರಡು ತುದಿಯ ಅಡಿಯಲ್ಲಿ ಇಟ್ಟರು. ಕಾಪುವಿನ ಹಲಗೆ ಸುತ್ತಿ ತಂದ ಪೇಪರನ್ನು ಎರಡು ಪಟ್ಟಿ ಹರಿದು ಕೊರಡುಗಳ ಮೇಲಿಟ್ಟರು. ಮೇಜು ಏರಿಸಿದಾಗ ಎಡಗಡೆಯ ಪೇಪರು ಸಿಕ್ಕಿಕೊಂಡಿತು, ಬಲಗಡೆಯದು ಸಲೀಸಾಗಿ ಹೊರಬಂತು. ಚೈನು ಸಡಿಲ ಮಾಡಿ ಎಡಮೂಲೆಯ ಚಕ್ರವನ್ನು ಒಂದು ಹಲ್ಲು ಹಿಂದೆ ತಿರುಗಿಸಿ ಪುನಃ ಏರಿಸಿದರು. ಪುನಃ ಒಂದು ಹಲ್ಲು. ಪೇಪರಿನ ಒಂದು ಪಟ್ಟಿ ನನ್ನ ಕೈಯಲ್ಲಿ, ಇನ್ನೊಂದು ಆಚಾರಿಯವರ ಕೈಯಲ್ಲಿ.

"ಬರ್ತದಾ ಅಮ್ಮಾ?"

"ಸ್ವಲ್ಪ ಬಿಗಿ. ನಿಮ್ಮದು?"

"ನನ್ನದೂ ಸ್ವಲ್ಪ ಬಿಗಿ."

"ಇಬ್ಬರೂ ಎಳೆದಾಡುದು ಸಾಕು, ಪೇಪರು ಹರೀತದೆ" ಎಂದು ಅಡಿಯಿಂದ ಮಿಷನ್ ನಡೆಸುವವರು.

ಹಲಗೆ ಬಿಟ್ಟೆವು. ಆಚಾರಿಯವರು ಅದನ್ನು ನಡುವೆ ಎರಡು ತುಂಡು ಮಾಡಿ, ಒಂದನ್ನು ತಿರುಗಿಸದೆ ಹಾಗೆಯೇ ಇನ್ನೊಂದರ ಬದಿಗಿಟ್ಟರು. ಹಾಗೆ ಇಟ್ಟರೆ ಒಂದರ ಬಲ ಅಂಚಿಗೆ ಇನ್ನೊಂದರ ಎಡ ಅಂಚು ತಾಗುತ್ತದೆ, ದಪ್ಪದ ಬದಿಗೆ ತೆಳುವಿನ ಬದಿ ಬಂದರೆ ಮೆಟ್ಟಿಲು ಕಾಣಲೇಬೇಕು. ಕಣ್ಣು ಮುಚ್ಚಿ ಕೈ ಆಡಿಸಿದರು. ಆಮೇಲೆ ನನ್ನ ಕಡೆ ಸರಿಸಿದರು. ನಾನೂ ಆಡಿಸಿದೆ. ಮೆಟ್ಟಿಲು ಇರಲಿಲ್ಲ.

ತುದಿಯ ಹೊಂಡ ಪೂರ್ತಿ ಹೋಗಲಿಲ್ಲ. ಹಲಗೆಯನ್ನು ಬೇಕಾದದ್ದಕ್ಕಿಂತ ಒಂದು ಗೇಣು ಉದ್ದ ಇಟ್ಟುಕೊಂಡು, ಆಮೇಲೆ ತುದಿ ಕೊಯ್ದು ಬಿಸಾಡುವುದು ಎಂದು ತೀರ್ಮಾನವಾಯಿತು. ಮರ ಹಾಳು, ಆದರೆ ಆ ತುಂಡು ಒಲೆಗೆ ಬಂತು.

ಸೋಮವಾರ ಏಜೆಂಟರು ಬಂದಾಗ ನಾನು ಬಾಗಿಲು ಪೂರ್ತಿ ತೆರೆದೆ. ಹೇಳಬೇಕಾದದ್ದನ್ನು ಬೆಳಗಿನಿಂದ ಮನಸ್ಸಿನಲ್ಲೇ ಹೇಳಿಕೊಂಡಿದ್ದೆ. ಬಾಯಿಗೆ ಬಂದದ್ದು, "ಈಗ ಬೇಡ" ಎಂಬುದಷ್ಟೇ. ಅವರು ಬೇಸರ ಮಾಡಲಿಲ್ಲ. ಮಿಷನಿನ ಅಡಿಗೆ ಬಗ್ಗಿ ನೋಡಿ, "ಸರ್ವಿಸ್ ಮಾಡಿಸಿದಿರಾ?" ಎಂದರು.

"ಸ್ನಾನ ಮಾತ್ರ. ಪೂಜೆ ಆಗ್ಲಿಲ್ಲ" ಎಂದರು ಆಚಾರಿಯವರು.

ಹೊಟ್ಟು ಎಡಮೂಲೆಗೆ ಬೀಳದ ಹಾಗೆ ತಗಡಿನ ಜಾರುಬಂಡಿಯೊಂದನ್ನು ಹೇಗೆ ಕಟ್ಟಬೇಕೆಂದು ಅವರು ಆ ಬಣ್ಣದ ಚಿತ್ರದ ಹಿಂಬದಿಯಲ್ಲಿ ಬರೆದು ತೋರಿಸಿದರು. ಹಲಗೆ ಹಿಂದೆ ಎಗರದಂತೆ ತಡೆಯುವ ಹಲ್ಲುಗಳನ್ನು ಹಳೆಯದಕ್ಕೂ ಕೂಡಿಸಬಹುದು ಎಂದರು. ಎರಡನ್ನೂ ಮಾಡಿಸಿದೆವು. ನಮ್ಮ ಮಿಷನಿಗೆ ಆ ವರ್ಷ ಆದ ಸುಧಾರಣೆ ಅಷ್ಟೇ.

ಬಿಸು ಕಳೆದ ಮೇಲೆ ಕಂತ್ರಾಟುದಾರರು ಹೊಸ ಮಾದರಿಯ ಮೇಲೆ ಅಂಗೈ ಇಟ್ಟು ಮೇಲಿನಿಂದ ಕೆಳಗೆ ಎಳೆದರು. "ಇದೇ ಮಿಷನಾ?" ಎಂದು ಕೇಳಿದರು. ಆಚಾರಿಯವರು ಹೌದೆಂದರು. ಹಾಸ್ಟೆಲಿನ ಕೆಲಸ ಮಳೆಗಾಲದಲ್ಲಿಯೂ ನಡೆಯಿತು. ಬಾವ ಅಕ್ಕಿಯ ಮಾತು ಮತ್ತೆ ಎತ್ತಲಿಲ್ಲ.

ಎಂಬತ್ತರ ದಶಕದ ನಡುವೆ ಬೇರಿಂಗು ನಿಜವಾಗಿಯೂ ಸವೆಯಿತು. ಆಗ ಅದೇ ಏಜೆಂಟರಿಗೆ ಹೇಳಿ ಕಳಿಸಿದೆ. ನೀವು ಸಣ್ಣವರಿರುವಾಗ ನೋಡಿದ ಹಸಿರು ಮಿಷನ್ ಅದೇ. ಲಾರಿಯಿಂದ ಇಳಿಸಿದ ಮೇಲೆ ನಾನು ಅವರನ್ನು ಕೇಳಿದ್ದು ಒಂದೇ, ಇದರ ಚೈನು ಎಲ್ಲಿಂದ ಬಿಚ್ಚುವುದು ಎಂದು.

ವರ್ಷಾಂತಿಕ ಕಳೆದು ಬಂದ ನವರಾತ್ರಿಯಲ್ಲಿ ಪೂಜೆ ಇತ್ತು. ದೀಪ ಇಟ್ಟದ್ದು ಬಾವ, ಕುಂಕುಮ ಇಟ್ಟದ್ದು ಅವರ ಹೆಂಡತಿ. ನನ್ನ ಕೈಯಿಂದ ಅದನ್ನು ಮಾಡಿಸುವ ಕ್ರಮ ಇರಲಿಲ್ಲ, ನಾನು ಹಿಂದೆ ಗೋಡೆಗೆ ಒರಗಿ ನಿಂತಿದ್ದೆ. ಸೀಮೆಎಣ್ಣೆಯಲ್ಲಿ ಕೈ ಹಾಕಲಿಕ್ಕೆ ಯಾವ ಅಡ್ಡಿಯೂ ಇರಲಿಲ್ಲ. ಬಿಸುವಿನ ಹೊತ್ತಿಗೆ ಒಮ್ಮೆ, ಮಳೆಗೆ ಮೊದಲು ಒಮ್ಮೆ, ನವರಾತ್ರಿಗೆ ಒಮ್ಮೆ, ದೀಪ ಇದ್ದರೂ ಇಲ್ಲದಿದ್ದರೂ, ಆ ಬಾಳೆಲೆ ಹಾಸಿದವಳು ನಾನೇ.